ಅಪ್‌ಡೇಟ್: ಹಳೇ ಪ್ಯಾಂಥರ್ ಕಿಟ್‌ನ ಡಿಕ್ಯಾಲ್ ಉಳೀತು!

ಜಪಾನಿನ ಮಾಡೆಲ್ ಕಂಪನಿ ತಮಿಯಾದ ಹಳೇ 1/35 ಅಳತೆಯ (ಅಸಲಿಯ 35ನೇ ಒಂದು ಭಾಗ) ಜರ್ಮನ್ ಪ್ಯಾಂಥರ್ ಟ್ಯಾಂಕ್ ಕಿಟ್‌ನ ಡಿಕ್ಯಾಲ್ (ನೀರಲ್ಲಿ ನೆನೆಸಿ ಮಾಡೆಲ್‌ಗೆ ಅಂಟಿಸುವ ಗುರುತುಗಳ ಹಾಳೆ) ಹಳದಿಯಾಗಿದೆ, ಬಳಸಬಹುದಾ ಅಂತ ಕೇಳಿದ್ದೆ. ಬಳಸಬಹುದು! ನೀವು ಹೇಳಿದ ಹಾಗೆ ಹಾಳೆಯನ್ನು ಜಿಪ್ ಕವರ್‌ಗೆ ಹಾಕಿ ಬಿಸಿಲು ಬೀಳೋ ಕಿಟಕಿ ಗಾಜಿಗೆ ಅಂಟಿಸಿದೆ, ಹಳದಿ ಮುಕ್ಕಾಲು ಪಾಲು ಹೋಯಿತು. ನೀರಿಗೆ ಹಾಕುವ ಮುಂಚೆ ಒಂದು ಪದರ ಕ್ಲಿಯರ್ ವಾರ್ನಿಶ್ ಹೊಡೆದಿದ್ದರಿಂದ ಶಿಲುಬೆ ಗುರುತು ಚೂರಾಗದೆ ಇಡಿಯಾಗಿ ಜಾರಿ ಬಂತು, ಆದರೆ ವಾರ್ನಿಶ್ ಇಡೀ ಹಾಳೆಯ ಮೇಲೆ ಹರಡಿರುತ್ತೆ, ಹಾಗಾಗಿ ಪ್ರತಿ ಗುರುತನ್ನೂ ಅದರ ಅಂಚಿಗೆ ಹತ್ತಿರವಾಗಿ ಕತ್ತರಿಸಿಕೊಳ್ಳಲೇಬೇಕು.

ಇದು ಮೋಟಾರಿನಿಂದ ಓಡುವ ಕಿಟ್, ತಳದಲ್ಲಿ ಅದಕ್ಕಾಗಿ ಇರುವ ತೂತುಗಳನ್ನು ಮುಚ್ಚಲಿಲ್ಲ. ತಮಿಯಾದ ಈ ಅಳತೆ ಹುಟ್ಟಿದ್ದೇ ಒಳಗೆ ಬ್ಯಾಟರಿ ಹಿಡಿಸಲಿ ಅಂತ, ಅದನ್ನೇ ಅಳಿಸಿದರೆ ಏನು ಚೆಂದ ಅಲ್ವಾ? ಬಣ್ಣ ಮಾತ್ರ 1943ರ ಡುಂಕೆಲ್‌ಗೆಲ್ಬ್ (ಜರ್ಮನ್ ಸೇನೆಯ ಗಾಢ ಹಳದಿ). ಟ್ರ್ಯಾಕ್ (ಚಕ್ರಗಳ ಸುತ್ತಲಿನ ಪಟ್ಟಿ) ಬಿರುಕು ಬಿಟ್ಟಿದೆ, ಬೇರೆ ಹುಡುಕುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.