ಡೇರೆ ಒಳಗೆ ಕಟ್ಟೋ ಮಂಜಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಅರ್ಜೆಂಟಾಗೇ. ಬರೋ ಫೆಬ್ರವರೀಲಿ ನಾವು ಒಂಬತ್ತು ಜನ ಲಡಾಖಿಗೆ ಹಿಮಚಿರತೆ ನೋಡೋಕೆ ಹೊರಟಿದೀವಿ, ಲೇಹ್‌ನಲ್ಲಿ ಮೂರು ದಿನ ಸುಮ್ನೆ ಕೂತು ಎತ್ತರಕ್ಕೆ ಮೈ ಒಗ್ಗಿಸ್ಕೊಂಡು ಆಮೇಲೆ ಹೆಮಿಸ್ ನ್ಯಾಷನಲ್ ಪಾರ್ಕಿನ ರುಂಬಕ್ ಕಣಿವೇಲಿ ಆರು ರಾತ್ರಿ ಡೇರೆ ವಾಸ. ಏನೇನು ಕಟ್ಕೊಂಡು ಬರಬೇಕು ಅನ್ನೋ ಪಟ್ಟಿ ಬರೆಯೋ ಕೆಲಸ ನಂದು. ಗುಂಪಲ್ಲಿ ಮೂರು ಜನ ಇಂಗ್ಲಿಷ್ ಓದಲ್ಲ, ಹಾಗಾಗಿ ಪೂರ್ತಿ ಕನ್ನಡದಲ್ಲೇ ಬರೀತಿದೀನಿ.

ಹೋದ ಸಲದ ಪಟ್ಟೀಲಿ ನಾನು "ರಾತ್ರಿ ಡೇರೆ ಒಳಗೂ ಮಂಜು ಬೀಳತ್ತೆ, ಹುಷಾರು" ಅಂತ ಒಂದು ಸಾಲು ಬರೆದಿದ್ದೆ. ಅದನ್ನ ಓದಿದ ನಮ್ಮ ಜೊತೆಯವರೊಬ್ರು, ಪಾಪ, ಹೊರಗಿಂದ ಮಂಜು ಒಳಗೆ ಬರತ್ತೆ ಅಂದ್ಕೊಂಡು ಡೇರೆಯ ಗಾಳಿಕಿಂಡಿ ಎಲ್ಲ ಮುಚ್ಚಿ, ಸಂದಿಗೆ ಟವಲ್ ತುರುಕಿ ಮಲಗಿದ್ರು. ಆಗಬೇಕಾದ್ದು ಪೂರಾ ಉಲ್ಟಾ. ಅದು ಹೊರಗಿಂದ ಬರೋದಲ್ಲ, ನಮ್ಮ ಉಸಿರಲ್ಲಿರೋ ತೇವಾನೇ ತಣ್ಣಗಿನ ಬಟ್ಟೆಗೆ ತಾಗಿ ಅಲ್ಲೇ ಕಟ್ಟೋದು, ಕಿಂಡಿ ಮುಚ್ಚಿದಷ್ಟೂ ಜಾಸ್ತಿ. ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದ್ರೆ ಡೇರೆಯ ಒಳಮೈಯೆಲ್ಲ ಪುಡಿಯುಪ್ಪು ಸವರಿದ ಹಾಗೆ ಮಿನುಗ್ತಿತ್ತು, ತಲೆ ತಾಗಿದ್ರೆ ಸಾಕು ಚಿರೋಟಿ ರವೆ ಥರ ಮುಖದ ಮೇಲೆ ಉದುರೋದು. ಆ ಕಣಿವೆಗೆ ಬಿಸಿಲು ತಡವಾಗಿ ಬರೋದು, ಬಂದಮೇಲೆ ಅಷ್ಟೂ ಕರಗಿ ತೊಟ್ಟಿಕ್ಕಿ ಅವರ ಸ್ಲೀಪಿಂಗ್ ಬ್ಯಾಗ್ ತೊಪ್ಪೆ ಆಯ್ತು. ಒಳಗಿರೋದು ಬಾತುಕೋಳಿ ಪುಕ್ಕ, ಒದ್ದೆ ಆದ್ರೆ ಮುದ್ದೆಯಾಗಿ ಕೂರತ್ತೆ, ಬಿಸಿ ಹಿಡಿಯಲ್ಲ. ಮೈನಸ್ ಇಪ್ಪತ್ತರ ಚಳೀಲಿ ಅವರು ಮುಂದಿನ ರಾತ್ರಿ ಇಡೀ ನಡುಗಿದ್ದನ್ನ ನಾನು ಮರೆತಿಲ್ಲ, ನಾನು ಬರೆದ ಒಂದು ಪದದಿಂದ ಆಗಿದ್ದು ಅದು.

ಮಂಜು ಅನ್ನೋ ಪದದ ಹೊಟ್ಟೆ ತುಂಬಾ ದೊಡ್ಡದು. ಮಡಿಕೇರೀಲಿ "ಮಂಜು ಬಿದ್ದಿದೆ" ಅಂದ್ರೆ ದಾರಿ ಕಾಣಲ್ಲ ಅಂತ, ಅದೇ ಮಾತು ಲೇಹ್‌ನಲ್ಲಿ ಆಡಿದ್ರೆ ನೆಲ ಬೆಳ್ಳಗಾಗಿದೆ ಅಂತ, ಗಡ್ಡೆ ಸೇರಿಸಿದ್ರೆ ಮಂಜುಗಡ್ಡೆ. ಹಿಮ ಅನ್ನೋದು ಅಷ್ಟು ಚೆಲ್ಲಾಪಿಲ್ಲಿ ಆಗಿಲ್ಲ, 2024ರ ಜನವರೀಲಿ ದೇಶದಲ್ಲಿ ಈ ಚಿರತೆಗಳ ಮೊದಲ ಗಣತಿ ಹೊರಬಂದು 718 ಇವೆ, ಅದ್ರಲ್ಲಿ 477 ಲಡಾಖಲ್ಲೇ ಅಂತ ಸುದ್ದಿ ಆದಾಗ್ಲೂ ನಾನು ಕನ್ನಡದಲ್ಲಿ ಓದಿದ್ದೆಲ್ಲ ಹಿಮಚಿರತೆ ಅಂತಲೇ, ಮಂಜುಚಿರತೆ ಅಂತ ಯಾರೂ ಬರೀಲಿಲ್ಲ. ಆದ್ರೆ ಹಿಮ ಅಂದ್ರೂ ಆಕಾಶದಿಂದ ಬೀಳೋದೇ ತಾನೆ. ನನಗೆ ಬೇಕಾಗಿರೋದು ಬೀಳದೇ ಇರೋದಕ್ಕೆ, ಇದ್ದಲ್ಲೇ ಕಟ್ಟೋದಕ್ಕೆ ಒಂದು ಹೆಸರು.

ಇಬ್ಬನಿ ತುಂಬಾ ಹತ್ತಿರ ಬರತ್ತೆ. ಗಾಳಿಯ ತೇವ ತಣ್ಣಗಿನ ಎಲೆ ಮೇಲೆ ಕೂರೋದು, ಕೆಲಸ ಅದೇ. ಆದ್ರೆ ಇಬ್ಬನಿ ಅಂದ ಕೂಡ್ಲೇ ಕಣ್ಮುಂದೆ ಬರೋದು ನೀರ ಹನಿ, ರವೆ ಅಲ್ಲ. ತುಷಾರ ಅಂತ ಒಬ್ರು ಸೂಚಿಸಿದ್ರು, ಸಂಸ್ಕೃತದಲ್ಲಿ ಅದಕ್ಕೂ ಹಿಮ, ಇಬ್ಬನಿ ಎಲ್ಲ ಅರ್ಥಾನೂ ಇದೆ, ಅಂದ್ರೆ ಮಂಜಿನ ತೊಂದರೇನೇ ಮತ್ತೆ, ಜೊತೆಗೆ ನಮ್ಮವರಿಗೆ ಅದು ಹುಡುಗರ ಹೆಸರು.

ಹೆಪ್ಪುಗಟ್ಟೋದು ಅನ್ನೋ ಕ್ರಿಯಾಪದ ನನಗೆ ತುಂಬಾ ಇಷ್ಟ. ಹೆಪ್ಪು ಅಂದ್ರೆ ಹಾಲಿಗೆ ಹಾಕೋದು, ಅದು ಕೆಲಸ ಮಾಡಕ್ಕೆ ಬೆಚ್ಚಗಿರಬೇಕು, ಚಳಿಗಾಲದಲ್ಲಿ ಮೊಸರಿನ ಪಾತ್ರೇನ ಅಮ್ಮ ಒಲೆ ಪಕ್ಕ ಬಟ್ಟೆ ಸುತ್ತಿ ಇಡ್ತಿದ್ರು. ಆ ಬೆಚ್ಚನೆ ಮಾತನ್ನೇ ನಾವು ನೀರು ಕಲ್ಲಾಗೋದಕ್ಕೂ ಬಳಸ್ತೀವಿ. ಅದನ್ನ ಇಬ್ಬನಿಗೆ ಸೇರಿಸಿ 'ಹೆಪ್ಪಿಬ್ಬನಿ' ಅಂದ್ರೆ ಹೇಗೆ? ಲೋಪಸಂಧಿ ಸರಿಯಾಗೇ ಕೂರತ್ತೆ, ಹುಲ್ಲಿನ ಮೇಲೆ ಕಟ್ಟೋದಕ್ಕೂ ಆಗತ್ತೆ. ಇನ್ನೊಂದು, ಹೋದ ಸಲ ನನ್ನ ಡೇರೇಲಿದ್ದ ಧಾರವಾಡದ ಗೆಳತಿ ಛಾವಣೀನ ಉಗುರಲ್ಲಿ ಕೆರೆದು ನೋಡಿ ಆ ಕ್ಷಣಕ್ಕೆ ಹೇಳಿದ್ದು, 'ಉಸಿರುಪ್ಪು'. ಡೇರೆಯ ಮಟ್ಟಿಗೆ ನನಗೆ ಇದೇ ಒಂದು ಕೈ ಮೇಲು ಅನ್ಸತ್ತೆ, ಎಲ್ಲಿಂದ ಬಂತು ಅನ್ನೋದನ್ನ ಪದಾನೇ ಹೇಳತ್ತೆ, "ಉಸಿರುಪ್ಪು ಕಟ್ಟತ್ತೆ, ಕಿಂಡಿ ತೆಗೆದಿಡಿ, ಮೂಗು ಬಾಯಿ ಬ್ಯಾಗಿನ ಹೊರಗಿರಲಿ, ಬೆಳಿಗ್ಗೆ ಕೊಡವೋಕೆ ಸಣ್ಣ ಬ್ರಷ್ ತನ್ನಿ" ಅಂತ ಬರೆದ್ರೆ ಯಾರಿಗೂ ತಪ್ಪು ತಿಳಿಯಲ್ಲ.

ಪಟ್ಟೀಲಿ ಇನ್ನೊಂದು ಕಡೆ ನಾನು ಜೋಮು, ಮರಗಟ್ಟೋದು ಎರಡನ್ನೂ ಬೇರೆ ಬೇರೆ ಬಳಸಿದೀನಿ. ಟೆಲಿಸ್ಕೋಪ್ ಹಿಂದೆ ಗಂಟೆಗಟ್ಟಲೆ ಕೂತು ಕಾಲು ಜುಮುಜುಮು ಅಂದ್ರೆ ಅದು ಜೋಮು, ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಸರಿ ಹೋಗತ್ತೆ. ಬೆರಳಿಗೆ ಮುಟ್ಟಿದ್ದೇ ಗೊತ್ತಾಗದೆ ಬಿಳಿಚಿಕೊಂಡ್ರೆ ಮರಗಟ್ಟಿದೆ ಅಂತ, ಆಗ ಉಜ್ಜಬಾರದು, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡ್ಕೊಂಡು ತಕ್ಷಣ ಗೈಡಿಗೆ ಹೇಳಬೇಕು. ನಮ್ಮ ಹಾಸನದ ಕಡೆ ಈ ವ್ಯತ್ಯಾಸ ಸ್ಪಷ್ಟ ಇದೆ. ಉತ್ತರ ಕರ್ನಾಟಕದಲ್ಲಿ, ಕರಾವಳೀಲಿ ಹೀಗೇ ಅರ್ಥ ಆಗತ್ತಾ?

ಮುಖ್ಯವಾಗಿ ನೀಲಗಿರಿ ಕಡೆಯವರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ. ಊಟೀಲಿ ಡಿಸೆಂಬರ್, ಜನವರಿ ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ ಕಟ್ಟಿರತ್ತೆ, ಟೀ ಎಲೆ ಸುಟ್ಟ ಹಾಗೆ ಕಪ್ಪಾಗತ್ತೆ. ಬಡಗರ ಮಾತು ಕನ್ನಡಕ್ಕೆ ಅಷ್ಟು ಹತ್ತಿರದ್ದು, ವರ್ಷಾ ವರ್ಷ ಇದನ್ನ ನೋಡೋ ಜನ ಅದಕ್ಕೊಂದು ಹೆಸರಿಡದೆ ಇರ್ತಾರಾ? ಅಲ್ಲಿ ಮನೇಲಿ ಹಿರಿಯರು ಏನಂತ ಕರೀತಾರೋ ಆ ಪದ ಸಿಕ್ಕಿದ್ರೆ ನನ್ನ ಎರಡೂ ಪದ ಬಿಟ್ಟು ಅದನ್ನೇ ಹಾಕ್ತೀನಿ. ಪಟ್ಟಿ ಹದಿನೈದನೇ ತಾರೀಕು ಪ್ರಿಂಟಿಗೆ ಹೋಗತ್ತೆ.