ಎಕ್ಸಾಸ್ಟ್ ತಾಪಮಾನ ಸೆನ್ಸರ್ ಹೊಸದು ಹಾಕಿದರೂ ಪಿ2033 ಕೋಡ್ ಮರಳಿ ಬರುತ್ತಿದೆ

ಘಾಟಿದಾರಿ (ಪ್ರಶ್ನೆ):
ನಮಸ್ಕಾರ. ನನ್ನ ಬಿಎಸ್6 ಡೀಸೆಲ್ ವಾಹನದಲ್ಲಿ ಎಂಜಿನ್ ದೀಪ ಹೊತ್ತಿಕೊಂಡಿದ್ದು, ಸ್ಕ್ಯಾನರ್ ಹಾಕಿದಾಗ ಪಿ2033, ಅಂದರೆ ಎರಡನೆಯ ಎಕ್ಸಾಸ್ಟ್ ತಾಪಮಾನ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಾಗಿದೆ ಎಂಬ ಕೋಡ್ ಬಂದಿತು. ಗ್ಯಾರೇಜಿನವರು ಹೊಸ ಸೆನ್ಸರ್ ಹಾಕಿ ಕೋಡ್ ಅಳಿಸಿದರು. ಕೀ ತಿರುಗಿಸಿದ ಕೂಡಲೇ ಅದು ಮತ್ತೆ ಕಾಣಿಸಿಕೊಂಡಿತು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ರೀಜನರೇಷನ್, ಅಂದರೆ ಆ ಮಸಿಯನ್ನು ಸುಟ್ಟು ತೆಗೆಯುವ ಕ್ರಿಯೆ ನಿಂತುಹೋಗಿದ್ದು, ಮಸಿಯ ಪ್ರಮಾಣ ಏರುತ್ತಲೇ ಇದೆ. ಈಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕೆನ್ನುತ್ತಿದ್ದಾರೆ. ಆ ಖರ್ಚಿಗೆ ಒಪ್ಪುವ ಮೊದಲು ಮಲ್ಟಿಮೀಟರಿನಿಂದ ನಾನೇ ಏನನ್ನು ಪರೀಕ್ಷಿಸಬಹುದು?

ಹಳೆಯ ಸ್ಪ್ಯಾನರ್:
ಇಸಿಯು ಮಾತು ಸದ್ಯಕ್ಕೆ ಬೇಡ ಸರ್. ಈ ಕೋಡ್ ಸರ್ಕ್ಯೂಟನ್ನು ದೂರುತ್ತದೆಯೇ ಹೊರತು ಸೆನ್ಸರನ್ನಲ್ಲ. ವೋಲ್ಟೇಜ್ ಹೆಚ್ಚಿದೆ ಎಂದರೆ ಸಾಮಾನ್ಯವಾಗಿ ದಾರಿಯಲ್ಲಿ ಎಲ್ಲೋ ತಂತಿ ಕಡಿದಿದೆ ಎಂದೇ ಅರ್ಥ. ರಾತ್ರಿಯಿಡೀ ನಿಂತ ವಾಹನದಲ್ಲಿ ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ, ಎಲ್ಲ ಎಕ್ಸಾಸ್ಟ್ ಸೆನ್ಸರುಗಳ ರೀಡಿಂಗನ್ನು ಕೂಲಂಟ್ ಮತ್ತು ಹೊರಗಾಳಿಯ ತಾಪಮಾನದೊಂದಿಗೆ ಹೋಲಿಸಿ ನೋಡಿ. ಅವೆಲ್ಲವೂ ಹೆಚ್ಚುಕಡಿಮೆ ಒಂದೇ ಇರಬೇಕು. ಆದರೆ ಕೋಡ್ ಇರುವಾಗ ಕೆಲವು ಇಸಿಯುಗಳು ನಿಜವಾದ ರೀಡಿಂಗಿನ ಬದಲು ತಾವೇ ಊಹಿಸಿದ ಅಂಕಿಯನ್ನು ತೋರಿಸುತ್ತವೆ. ಆದ್ದರಿಂದ ಸ್ಕ್ಯಾನರಿನಲ್ಲಿ ಸಿಗ್ನಲ್ ವೋಲ್ಟೇಜ್ ಸಿಕ್ಕರೆ ಅದನ್ನೇ ನಂಬಿ.

ನಂತರ ಕನೆಕ್ಟರ್ ಬಿಚ್ಚಿ, ಸೆನ್ಸರಿನ ಎರಡು ಪಿನ್‌ಗಳ ನಡುವಿನ ರೋಧವನ್ನು ಅಳೆಯಿರಿ. ಪಿಟಿ200 (ಬಿಸಿಯಾದಂತೆ ರೋಧ ಏರುವ ಪ್ಲಾಟಿನಂ ಸೆನ್ಸರ್) ಬಗೆಯದಾದರೆ 0 ಡಿಗ್ರಿಯಲ್ಲಿ 200 ಓಮ್, ನಮ್ಮ ಹವೆಯಲ್ಲಿ ಸುಮಾರು 220 ಓಮ್ ಇರುತ್ತದೆ.

ಓಮ್ ಲೆಕ್ಕ:
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಎಲ್ಲ ವಾಹನಗಳಲ್ಲಿಯೂ ಪಿಟಿ200 ಇರುವುದಿಲ್ಲ. ಎನ್‌ಟಿಸಿ ಬಗೆಯದು, ಅಂದರೆ ಬಿಸಿಯಾದಂತೆ ರೋಧ ಇಳಿಯುವ ಸೆನ್ಸರ್, ತಣ್ಣಗಿರುವಾಗ ಲಕ್ಷಗಟ್ಟಲೆ ಓಮ್ ತೋರಿಸಬಹುದು. ಅದನ್ನು ನೋಡಿ ಒಳಗೆ ಕಡಿದಿದೆ ಎಂದು ತೀರ್ಮಾನಿಸಿ ಒಳ್ಳೆಯ ಸೆನ್ಸರನ್ನು ಎಸೆಯುವವರಿದ್ದಾರೆ. ಪಿಟಿ200ರಲ್ಲಿ ಪ್ರತಿ ಡಿಗ್ರಿಗೆ ಏರುವುದು ಮುಕ್ಕಾಲು ಓಮ್ ಮಾತ್ರವಾದ್ದರಿಂದ, ತುಕ್ಕು ಹಿಡಿದ ಪಿನ್ 20 ಓಮ್ ಸೇರಿಸಿದರೂ ರೀಡಿಂಗ್ ಇಪ್ಪತ್ತೈದು ಡಿಗ್ರಿಗಿಂತ ಹೆಚ್ಚು ಮೇಲೇರುತ್ತದೆ.

ಸೆನ್ಸರಿನಿಂದ ಎರಡೇ ತಂತಿ ಬಂದಿದ್ದರೆ, ಹಾರ್ನೆಸ್ (ಇಸಿಯುನಿಂದ ಬರುವ ತಂತಿಗಳ ಕಟ್ಟು) ಕಡೆಯ ಎರಡೂ ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ. ಸಿಗ್ನಲ್ ವೋಲ್ಟೇಜ್ ಸೊನ್ನೆಯ ಹತ್ತಿರ ಇಳಿದರೆ ವೈರಿಂಗ್ ಮತ್ತು ಇಸಿಯು ಎರಡೂ ಸರಿಯಿವೆ. ಮೂರು ಅಥವಾ ನಾಲ್ಕು ತಂತಿಗಳಿದ್ದರೆ ಮಾತ್ರ ಈ ಪ್ರಯೋಗ ಖಂಡಿತ ಬೇಡ.

ಘಾಟಿದಾರಿ:
ಎರಡೇ ತಂತಿಗಳಿವೆ. ಸೆನ್ಸರ್ 221 ಓಮ್ ತೋರಿಸಿತು. ಹಾರ್ನೆಸ್‌ನ ಒಂದು ಪಿನ್‌ನಲ್ಲಿ ವಾಹನದ ಲೋಹದ ಬಾಡಿಯೊಂದಿಗೆ ಹೋಲಿಸಿದರೆ 5 ವೋಲ್ಟ್ ಇದೆ, ಆದರೆ ಪಿನ್‌ಗಳನ್ನು ಜೋಡಿಸಿದರೂ ವೋಲ್ಟೇಜ್ ಇಳಿಯಲಿಲ್ಲ. ಉಳಿದ ಎಕ್ಸಾಸ್ಟ್ ಸೆನ್ಸರುಗಳ ರೀಡಿಂಗ್ ಸರಿಯಾಗಿದೆ.

ಹಳೆಯ ಸ್ಪ್ಯಾನರ್:
ಹಾಗಾದರೆ 5 ವೋಲ್ಟ್ ಕೊಡುವ ಕಡೆ ಸರಿಯಿದೆ, ಮರಳುವ ಗ್ರೌಂಡ್ ತಂತಿ ಕಡಿದಿದೆ. ಉಳಿದ ಸೆನ್ಸರುಗಳೂ ಅದೇ ಗ್ರೌಂಡನ್ನು ಹಂಚಿಕೊಂಡಿದ್ದರೆ, ಕಡಿತ ಇರುವುದು ಕವಲೊಡೆದು ಈ ಸೆನ್ಸರಿಗೆ ಬರುವ ಭಾಗದಲ್ಲಿ. ವೈರಿಂಗ್ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಿ. ಟರ್ಬೋದ ಹೀಟ್ ಶೀಲ್ಡ್‌ಗೆ ತಾಗುವ ಜಾಗ ಮತ್ತು ಕ್ಲಿಪ್ ಬಿಟ್ಟುಹೋದ ಜಾಗಗಳನ್ನು ಮೊದಲು ನೋಡಿ. ಹೊರಗಿನ ಹೊದಿಕೆ ಚೆನ್ನಾಗಿಯೇ ಕಂಡರೂ ಒಳಗೆ ತಾಮ್ರ ತುಂಡಾಗಿರಬಹುದು.

ಜೋಡಣೆಗೆ ಬರೀ ಇನ್ಸುಲೇಷನ್ ಟೇಪ್ ಸಾಲದು; ಕ್ರಿಂಪ್ ಮಾಡಿ, ಶಾಖ ತಡೆಯುವ ಸ್ಲೀವ್ ಹಾಕಿಸಿ. ಕೋಡ್ ಅಳಿಸಿದ ಮೇಲೆ ಆಯಿಲ್ ಮಟ್ಟ ನೋಡಿ: ಅರ್ಧಕ್ಕೆ ನಿಂತ ರೀಜನರೇಷನ್‌ಗಳಿಂದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಮಟ್ಟ ಏರಿದ್ದರೆ, ಮೊದಲು ಆಯಿಲ್ ಬದಲಿಸಿ. ಬಲವಂತದ ರೀಜನರೇಷನ್‌ನಲ್ಲಿ ಫಿಲ್ಟರ್ ಸುಮಾರು 600 ಡಿಗ್ರಿಗೆ ಕಾಯುವುದರಿಂದ, ಒಣಹುಲ್ಲಿಲ್ಲದ ಬಯಲಿನಲ್ಲಿಯೇ ಅದನ್ನು ಮಾಡಿಸಿ.