ಟೈಲ್ ಫಲಕಗಳನ್ನು ಗೋಡೆಗೇರಿಸುವ ಬಗೆ: ಕಾಸರಗೋಡು ಬಳಗದ ಪ್ರಶ್ನೋತ್ತರ

ಬದಿಯಡ್ಕದ ಸದಸ್ಯ: ನಮಸ್ಕಾರ ಅಣ್ಣ. ಎರಡು ಅಡಿ ಅಗಲದ ಟೈಲ್ ಚಿತ್ರವನ್ನು ಬಡಗಿಯ ಬಿಳಿ ಅಂಟಿನಿಂದ ಪ್ಲೈವುಡ್ಡಿಗೆ ಅಂಟಿಸಬಹುದೇ?

ಉತ್ತರ: ನಮಸ್ಕಾರ. ಅಂಟಿಸಬೇಡಿ. ಆ ಅಂಟು ನಮ್ಮ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಐ.ಎಸ್. 710 ಗುರುತಿರುವ 12 ಮಿ.ಮೀ. ಮೆರೈನ್ ಪ್ಲೈವುಡ್ಡಿನ ಎರಡು ಮುಖಕ್ಕೂ ಅಂಚುಗಳಿಗೂ ವಾರ್ನಿಷ್ ಹಚ್ಚಿ, ನ್ಯೂಟ್ರಲ್ ಸಿಲಿಕೋನ್ ಎಂಬ, ಹುಳಿ ವಾಸನೆಯಿಲ್ಲದ ರಬ್ಬರಿನಂಥ ಅಂಟು ಬಳಸಿರಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ಲೋಹವನ್ನು ತಿನ್ನುತ್ತದೆ.

ಮಂಜೇಶ್ವರದ ಸದಸ್ಯೆ: ಅಜ್ಜನ ಮನೆಯನ್ನು ಮುಂದಿನ ತಿಂಗಳು ಕೆಡವುತ್ತಿದ್ದಾರೆ. ಚಾವಡಿಯ ಗೋಡೆಯಲ್ಲಿ ಹೂಬಳ್ಳಿ ಉಬ್ಬಿ ಬಂದಿರುವ ಆರಿಂಚಿನ 24 ಟೈಲುಗಳಿವೆ. ಕಳಚಿಬಿದ್ದ ಒಂದರ ಬೆನ್ನಿನಲ್ಲಿ ‘ಮೇಡ್ ಇನ್ ಜಪಾನ್’ ಎಂದಿದೆ, ಸುಣ್ಣದ ಗಾರೆ ಅಂಟಿದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್‌ನಲ್ಲಿ ಒಂದು ರಾತ್ರಿ ನೆನೆಸಿದರೆ ಗಾರೆ ಕರಗುತ್ತದೆ ಎಂಬ ಸಂದೇಶ ಬಂದಿದೆ. ಹಾಗೆ ಮಾಡಲೇ?

ಉತ್ತರ: ಅಕ್ಕ, ದಯವಿಟ್ಟು ಆ ಆ್ಯಸಿಡ್ಡನ್ನು ಟೈಲಿನ ಹತ್ತಿರ ತರಬೇಡಿ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಜಪಾನಿನಿಂದ ಹಡಗಿನಲ್ಲಿ ಬಂದ ಮಜೋಲಿಕಾ, ಅಂದರೆ ಉಬ್ಬುಚಿತ್ರಕ್ಕೆ ಬಣ್ಣದ ಮೆರುಗು ಕೊಟ್ಟ ಟೈಲುಗಳಿವು. ಅವುಗಳ ಬಣ್ಣದ ಮೆರುಗಿನಲ್ಲಿ ಸಾಮಾನ್ಯವಾಗಿ ಸೀಸ ಇರುವುದರಿಂದ, ಆ್ಯಸಿಡ್ ಮೆರುಗನ್ನು ಮಂಕಾಗಿಸುವುದಲ್ಲದೆ ಸೀಸವನ್ನು ಕರಗಿಸಿ ನಿಮ್ಮ ಕೈಗೂ ನೀರಿಗೂ ಸೇರಿಸುತ್ತದೆ. ಇಂಥ ಸಂದೇಶ ಕಳಿಸುವವರು ಒಂದು ಹಳೆಯ ಟೈಲನ್ನಾದರೂ ಕೈಯಲ್ಲಿ ಹಿಡಿದು ನೋಡಿದ್ದಾರೆಯೇ? ಸುಣ್ಣದ ಗಾರೆ ಟೈಲಿಗಿಂತ ಮೃದು. ಅದನ್ನು ನೀರಿನಿಂದ ತೇವಗೊಳಿಸಿ, ಸಣ್ಣ ಉಳಿಯಿಂದ ಅಂಚಿನಿಂದ ಒಳಕ್ಕೆ ತಾಳ್ಮೆಯಿಂದ ಕೆರೆಯಿರಿ. ನಿಮ್ಮದು ಕಡಲ ತೀರದ ಊರಾದ್ದರಿಂದ ಟೈಲಿನ ಮಣ್ಣಿಗೆ ಉಪ್ಪು ಇಳಿದಿರುತ್ತದೆ. ಪ್ರತಿದಿನ ನೀರು ಬದಲಾಯಿಸುತ್ತ ಕೆಲವು ದಿನ ಬರಿಯ ನೀರಿನಲ್ಲಿಟ್ಟು, ಬಳಿಕ ನೆರಳಿನಲ್ಲಿ ಎರಡು ವಾರ ಒಣಗಿಸದಿದ್ದರೆ, ಆ ಉಪ್ಪು ಹರಳುಗಟ್ಟಿ ಮೆರುಗನ್ನೇ ಎಬ್ಬಿಸುತ್ತದೆ.

ಟೈಲಿನ ಬೆನ್ನಿಗೆ ನೇರವಾಗಿ ಎಪಾಕ್ಸಿ ಎಂಬ ಗಟ್ಟಿ ಅಂಟು ಹಚ್ಚಿದರೆ ಅದು ಶಾಶ್ವತ, ಮತ್ತೆ ಬಿಡಿಸಲಾಗದು. ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಮೊದಲು ಎರಡು ಸಲ ಬಳಿದು, ಅದರ ಮೇಲೆ ಅಂಟು ಹಚ್ಚಿದರೆ, ಮುಂದೆಂದಾದರೂ ಅಸಿಟೋನಿನಿಂದಲೇ ಬಿಡಿಸಬಹುದು. ಅಸಿಟೋನ್ ಉರಿಯುವ ದ್ರವ, ಒಲೆಯ ಹತ್ತಿರ ಬೇಡ. 24 ಟೈಲು, ಹಲಗೆ, ಚೌಕಟ್ಟು ಸೇರಿ 15 ಕಿಲೋ ದಾಟುವುದರಿಂದ, ಪ್ರತಿ ಟೈಲಿನ ಕೆಳಗೂ ರಬ್ಬರ್ ಹಚ್ಚಿದ ಹಿತ್ತಾಳೆಯ ಕ್ಲಿಪ್ಪು ಇರಲಿ. ಭಾರ ಹೊರುವುದು ಲೋಹ, ಅಂಟು ಬರಿಯ ಆಸರೆ.

ಕುಂಬಳೆಯ ಸದಸ್ಯ: ಇವು ಬಾಸೆಲ್ ಮಿಶನ್ನಿನ ಟೈಲುಗಳು. ನಮ್ಮ ಮನೆಯಲ್ಲೂ ಇವೆ.

ನೀಲೇಶ್ವರದ ಸದಸ್ಯ: ಬೆನ್ನಿನಲ್ಲಿ ಜಪಾನ್ ಎಂದಿದ್ದರೂ ಬಾಸೆಲ್ ಮಿಶನ್ನೇ? 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಆ ಮಿಶನರಿಗಳ ಕಾರ್ಖಾನೆ ಹೆಸರಾದದ್ದು ಕೆಂಪು ಮಣ್ಣಿನ ಹೆಂಚಿಗೆ.

ಕುಂಬಳೆಯ ಸದಸ್ಯ: ನಿಮಗೆ ಹಳೆಯ ಮನೆಗಳ ಪರಿಚಯವಿಲ್ಲ.

ನೀಲೇಶ್ವರದ ಸದಸ್ಯ: ನಿಮಗೆ ಅಕ್ಷರಗಳ ಪರಿಚಯವಿಲ್ಲ.

ಉಪ್ಪಳದ ಸದಸ್ಯೆ: ಒಂದು ಚದರ ಅಡಿಗೆ ಎಷ್ಟು ಖರ್ಚಾಗುತ್ತದೆ ಎಂದು ದಯವಿಟ್ಟು ತಿಳಿಸಿ.

ಹೊಸಂಗಡಿಯ ಸದಸ್ಯ: ಬಿಳಿ ಅಂಟು ಸಾಕಾಗುವುದಿಲ್ಲವೇ ಸರ್?

ಉತ್ತರ: ಮೇಲೆ ಓದಿ.

ಪೆರ್ಲದ ಸದಸ್ಯ: ನಮ್ಮದು ಮುರಕಲ್ಲಿನ ಗೋಡೆ. ಮೊಳೆ ಹೊಡೆದರೆ ಪುಡಿ ಉದುರುತ್ತದೆ.

ಉತ್ತರ: ಮೊಳೆ ನಿಲ್ಲುವುದಿಲ್ಲ. ಸುತ್ತಿಗೆಯ ಹೊಡೆತವಿಲ್ಲದ ಡ್ರಿಲ್ಲಿನಿಂದ, ಗಾರೆಯ ಸಂದಿಗಲ್ಲದೆ ಕಲ್ಲಿಗೇ 100 ಮಿ.ಮೀ. ಆಳದ ತೂತು ಕೊರೆದು, ಪುಡಿಯನ್ನು ಊದಿ ತೆಗೆದು, ಜಾಲರಿ ಕೊಳವೆಯೊಂದಿಗೆ ಕೆಮಿಕಲ್ ಆ್ಯಂಕರ್, ಅಂದರೆ ತೂತಿನೊಳಗೆ ಗಟ್ಟಿಯಾಗುವ ರಾಳದಲ್ಲಿ ನಿಲ್ಲುವ ಬೋಲ್ಟು, ಕೂರಿಸಿ. ಮಳೆ ಬಡಿಯುವ ಪಡುವಣ ಗೋಡೆಯನ್ನು ಬಿಟ್ಟುಬಿಡಿ, ಫಲಕದ ಹಿಂದೆ ಗಾಳಿಯಾಡಲು ಸಂದಿ ಬಿಡಿ.

ಕುಂಬಳೆಯ ಸದಸ್ಯ: ಎರಡು ಬದಿಯ ಟೇಪು ಸಾಕು, ವಿಡಿಯೊ ಕಳಿಸಿದ್ದೇನೆ.

ಉತ್ತರ: 15 ಕಿಲೋ ಭಾರ ಮಗುವಿನ ತಲೆಯ ಮೇಲೆ ಬಿದ್ದರೆ ಆ ವಿಡಿಯೊದವರು ಬರುವುದಿಲ್ಲ. ಇಂಥದ್ದನ್ನು ಇಲ್ಲಿ ಹಾಕಬೇಡಿ ಎಂದು ಎರಡನೆಯ ಸಲ ಹೇಳುತ್ತಿದ್ದೇನೆ.

ಉಪ್ಪಳದ ಸದಸ್ಯೆ: ಖರ್ಚಿನ ಪ್ರಶ್ನೆ ಹಾಗೆಯೇ ಉಳಿಯಿತು.

ಮಂಜೇಶ್ವರದ ಸದಸ್ಯೆ: ಕೆಡವುವವರು ನಾಳೆಯೇ ಬಂದು ಟೈಲುಗಳನ್ನು ತೆಗೆದುಕೊಡುತ್ತಾರಂತೆ.

ಉತ್ತರ: ಅವರ ಕೈಗೆ ಕೊಡಬೇಡಿ ಅಕ್ಕ. ಮೊದಲು ಗೋಡೆಯ ಫೋಟೊ ತೆಗೆದು, ಪ್ರತಿ ಟೈಲಿಗೂ ಕಾಗದದ ಟೇಪಿನಲ್ಲಿ ಸಂಖ್ಯೆ ಅಂಟಿಸಿ. ಭಾನುವಾರ ಬೆಳಿಗ್ಗೆ ನಾನೇ ಉಳಿ ಹಿಡಿದುಕೊಂಡು ಬರುತ್ತೇನೆ.